ಕೊಚ್ಚಿಹೋದ ಗೇಟು ಮತ್ತು ‘ವಾಶ್ಡ್ ಅವೇ’

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಯಿತು. ಗೇಟು ‘ಕೊಚ್ಚಿಹೋಯಿತು’ ಎಂದು ಕನ್ನಡ ಪತ್ರಿಕೆಗಳು ಬರೆದವು, ‘ವಾಶ್ಡ್ ಅವೇ’ ಎಂದು ಇಂಗ್ಲಿಷ್ ಪತ್ರಿಕೆಗಳು ಬರೆದವು. ‘ವಾಶ್’ ಒಂದೇ ಇದ್ದರೆ ಅದು ತೊಳೆಯುವ ಕೆಲಸ. ‘ಅವೇ’ ಸೇರಿದ್ದೇ ತಡ, ಗೇಟು ಜಾಗ ಬಿಟ್ಟು ಹೋಗುತ್ತದೆ. ನಮ್ಮಲ್ಲಿ ಆ ಕೆಲಸವನ್ನು ‘ಹೋಗು’ ಮಾಡುತ್ತದೆ. ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಹೊರಬಿಟ್ಟರು: ‘ಲೆಟ್ ಔಟ್’. ಆಮೇಲೆ ತಾತ್ಕಾಲಿಕ ಗೇಟಾಗಿ ಸ್ಟಾಪ್‌ಲಾಗ್ ಇಳಿಸಿ ಉಳಿದ ನೀರನ್ನು ತಡೆಹಿಡಿದರು: ‘ಹೋಲ್ಡ್ ಬ್ಯಾಕ್’. ಹೊಸಪೇಟೆಯ ಮಕ್ಕಳು ಆ ವಾರವೆಲ್ಲ ಮನೆಯಲ್ಲಿ, ಓಣಿಯಲ್ಲಿ ಕೇಳಿದ್ದು ಇವೇ ಮಾತುಗಳನ್ನು.

ಇಂಥ ಜೋಡಿಗಳಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಸಲ್ ವರ್ಬ್ ಎಂದು ಹೆಸರು. ಅವು ನಮ್ಮ ಮಕ್ಕಳ ಕೈಗೆ ಬರುವುದು ಪಟ್ಟಿಯಾಗಿ. ಎಡಕ್ಕೆ ಪದ, ಬಲಕ್ಕೆ ಅರ್ಥ, ನಾಳೆ ಒಪ್ಪಿಸಬೇಕು. ಇದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಕನ್ನಡದ ಮಗು ಮಾತು ಕಲಿಯುವಾಗಲೇ ಇಂಥ ಜೋಡಣೆಯನ್ನು ಕಲಿತಿರುತ್ತದೆ. ‘ನೋಡು’ ಎಂದರೆ ಕಣ್ಣಿನ ಕೆಲಸ. ‘ತಮ್ಮನ್ನ ನೋಡ್ಕೋ’ ಎಂದು ಹೇಳಿ ಅವ್ವ ಗದ್ದೆಗೆ ಹೊರಟರೆ ಅದು ಹೊಣೆ. ‘ಲುಕ್ ಆಫ್ಟರ್’ ಎಂದರೆ ಅಷ್ಟೇ. ‘ಕೈಬಿಡು’ ಎಂದರೆ ‘ಗಿವ್ ಅಪ್’. ಅದೇ ಕೈಗೆ ‘ಕೊಡು’ ಸೇರಿ ‘ಕೈಕೊಡು’ ಆದರೆ ನಂಬಿದವರನ್ನು ನಡುನೀರಿನಲ್ಲಿ ಬಿಟ್ಟಂತೆ, ‘ಲೆಟ್ ಡೌನ್’. ಬಿಡಿ ಪದಗಳ ಅರ್ಥ ಕೂಡಿಸಿದರೆ ಇಡೀ ಮಾತಿನ ಅರ್ಥ ಸಿಗುವುದಿಲ್ಲ ಎಂಬುದು ‘ಕೈಕೊಟ್ಟ’ ಎಂದು ದೂರುವ ಆರು ವರ್ಷದ ಹುಡುಗಿಗೂ ಗೊತ್ತು. ಕಲಿಸುವುದಾದರೆ ಅಲ್ಲಿಂದಲೇ ಶುರು ಮಾಡಬೇಕು.

ಎರಡು ಭಾಷೆಗಳನ್ನು ಹೀಗೆ ಎದುರುಬದುರು ಇಟ್ಟು ನೋಡುವ ಕೆಲಸ ಈ ಸೀಮೆಯಲ್ಲಿ ಹಿಂದೆಯೇ ನಡೆದಿದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನರಿ ಸೊಸೈಟಿಯ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ‘ಹೊರತರು’, ‘ಬ್ರಿಂಗ್ ಔಟ್’: ಇಲ್ಲಂತೂ ಎರಡು ಭಾಷೆಗಳೂ ಒಂದೇ ದಾರಿ ಹಿಡಿದಿವೆ.

ಶಾಲೆಯ ಆಚೆ ಜನ ಈ ಮಾತುಗಳನ್ನು ತಮಗೆ ಬೇಕಾದ ಹಾಗೆ ಒಗ್ಗಿಸಿಕೊಂಡಿದ್ದಾರೆ. ಕಂಪ್ಲಿಯ ರೈತ ಮಗನಿಗೆ ‘ಮೋಟ್ರು ಆನ್ ಮಾಡಿ ಬಾ’ ಎನ್ನುತ್ತಾನೆ. ‘ಸ್ವಿಚ್ ಆನ್’ನಲ್ಲಿ ಕ್ರಿಯಾಪದವನ್ನು ಬಿಟ್ಟು ‘ಆನ್’ ಒಂದನ್ನೇ ತೆಗೆದುಕೊಂಡು ನಮ್ಮ ‘ಮಾಡು’ ಜೋಡಿಸಿದ್ದೇವೆ. ಅರ್ಥದ ಭಾರವೆಲ್ಲ ಆ ಪುಟ್ಟ ಪದದ ಮೇಲೆಯೇ ಇದೆ ಎಂಬುದನ್ನು ಯಾವ ವ್ಯಾಕರಣವೂ ಹೇಳಿಕೊಡದೆ ಕನ್ನಡಿಗರು ಕಂಡುಕೊಂಡರು. ಇದು ನನಗೆ ತುಂಬ ಹೆಮ್ಮೆಯ ಸಂಗತಿ. ಹೊಸಪೇಟೆಯಿಂದ ದಿನಾ ಬಳ್ಳಾರಿಗೆ ಕೆಲಸಕ್ಕೆ ಹೋಗಿಬರುವವರು ‘ಅಪ್‌ಡೌನ್ ಮಾಡ್ತೀನ್ರಿ’ ಎನ್ನುತ್ತಾರೆ. ಸಂಡೂರಿನ ಅದಿರು ಲಾರಿ ದಾರಿಯಲ್ಲಿ ನಿಂತರೆ ‘ಬ್ರೇಕ್‌ಡೌನ್ ಆಗೈತಿ’.

ಹಂಪಿಯ ಆಟೋದವರು ಪ್ರವಾಸಿಗರಿಗೆ ‘ಗೆಟ್ ಡೌನ್ ಹಿಯರ್’ ಎನ್ನುವುದು ನಮ್ಮ ‘ಇಲ್ಲೇ ಇಳೀರಿ’ಯಿಂದ ಬಂದ ಮಾತು. ಇಂಗ್ಲೆಂಡಿನವರು ಬಸ್ಸಾದರೆ ‘ಗೆಟ್ ಆಫ್’, ಕಾರಾದರೆ ‘ಗೆಟ್ ಔಟ್’ ಎಂದಾರು. ಆದರೆ ಹಿಂದುಮುಂದಿಲ್ಲದೆ ‘ಗೆಟ್ ಔಟ್’ ಎಂದರೆ ಬೈಗುಳವಾಗಿ ಕೇಳುತ್ತದೆ, ಆಟೋದವರ ಮಾತೇ ಮರ್ಯಾದೆಯದು. ವಿರೂಪಾಕ್ಷನ ಗುಡಿಯ ಮುಂದೆ ಚಪ್ಪಲಿ ಬಿಡಿ ಎನ್ನಲು ಬೇಕಾದ ‘ಟೇಕ್ ಆಫ್’, ತೋರಣಗಲ್ಲಿನ ವಿಮಾನ ನಿಲ್ದಾಣದಲ್ಲಿ ವಿಮಾನ ಮೇಲೇರುವುದಕ್ಕೂ ಆಗುತ್ತದೆ. ಕೆಲಸದ ಜಾಗದಲ್ಲಿ ಕಿವಿಗೆ ಬಿದ್ದಾಗ ಯಾರಿಗೂ ಗೊಂದಲವಾಗುವುದಿಲ್ಲ.

ಹಾಗೆಂದು ಕನ್ನಡದ ದಾರಿಯಲ್ಲಿ ಹೋದರೆ ಎಲ್ಲವೂ ಸಲೀಸು ಎಂದು ನಾನು ಹೇಳಲಾರೆ. ‘ಪರೀಕ್ಷೆ ಮುಂದಕ್ಕೆ ಹಾಕಿದರು’ ಎನ್ನುವುದನ್ನು ‘ಪುಟ್ ಫಾರ್ವರ್ಡ್’ ಎಂದುಬಿಟ್ಟರೆ ಸಲಹೆಯನ್ನು ಮುಂದಿಟ್ಟರು ಎಂಬಂಥ ಅರ್ಥ ಬರುತ್ತದೆ. ಅಲ್ಲಿ ‘ಪುಟ್ ಆಫ್’ ಎನ್ನಬೇಕು. ಪದ ಕೂರುವ ಜಾಗವನ್ನೂ ತೋರಿಸಿಕೊಡಬೇಕು. ‘ಸ್ವಿಚ್ ಆಫ್ ಇಟ್’ ತಪ್ಪು, ‘ಸ್ವಿಚ್ ಇಟ್ ಆಫ್’ ಸರಿ. ಆದರೆ ‘ಲುಕ್ ಆಫ್ಟರ್ ಇಟ್’ ಎನ್ನುವಾಗ ‘ಇಟ್’ ನಡುವೆ ನುಸುಳುವಂತಿಲ್ಲ. ಮೇಷ್ಟ್ರು ಬೇಕಾಗುವುದು ಇಂಥ ಕಡೆ. ಪಟ್ಟಿ ಒಪ್ಪಿಸಿಕೊಳ್ಳುವ ಸಮಯವನ್ನು ಇವಕ್ಕೆ ಕೊಡಲಿ.