ಯಾವ ಭಯ ಬಿಡಬೇಕು?

ಟ್ರಯಥ್ಲಾನ್‌ಗೆ ಹೊರಟ ಹುಡುಗರಿಗೆ ಎಲ್ಲರೂ ಹೇಳೋದು ಒಂದೇ: "ಭಯ ಬಿಡ್ರಿ." ಬಿಡಲೇಬೇಕಾ? ಈಜುಕೊಳದಲ್ಲಿ ತಳದ ಗೆರೆ ಕಾಣುತ್ತೆ, ಗೋಡೆ ಕೈಗೆ ಸಿಗುತ್ತೆ. ಒಲಿಂಪಿಕ್ ದೂರದ 1500 ಮೀಟರ್ ತೆರೆದ ನೀರಲ್ಲಿ ಎರಡೂ ಇಲ್ಲ. ತಣ್ಣೀರಿಗೆ ಇಳಿದೊಡನೆ ಏದುಸಿರು ಬರೋದು ಮೈಯ ಸ್ವಭಾವ. ಒಂದೆರಡು ನಿಮಿಷ ಅಂಗಾತ ತೇಲಿದರೆ ತಗ್ಗುತ್ತೆ. ಈ ಭಯ ಕಳೀಬೇಕು, ಸರಿ.

ಹಂಪಿಯ ಚಕ್ರತೀರ್ಥದ ಭಯ ಬೇರೆ. ಅಲ್ಲಿ ಬಂಡೆಗಳ ನಡುವೆ ತುಂಗಭದ್ರೆ ಸುಳಿ ತಿರುಗುತ್ತಾಳೆ. ಹೊಳೆ ತುಂಬಿದಾಗ ಹರಿಗೋಲಿನವರು ದಡದಲ್ಲೇ ಕೂರುತ್ತಾರೆ, ಅವರೇನು ಪುಕ್ಕಲರಾ? 2024ರ ಆಗಸ್ಟ್‌ನಲ್ಲಿ ಹೊಸಪೇಟೆ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಕೆಳಗಿನ ಕಂಪ್ಲಿಯಲ್ಲಿ ಅಂಜದವನೇ ದಡ್ಡ. ಕಲಿಯೋನು ಕೋಚ್‌ಗಿಂತ ಮೊದಲು ಅಂಬಿಗನನ್ನ ಕೇಳಲಿ: "ಇವತ್ತು ಇಳೀಬೌದೇನಣ್ಣ?" ಬ್ಯಾಡ ಅಂದ್ರೆ ವಾಪಸ್, ಕೈಯಲ್ಲಿರೋ ವಾಚು ಎಷ್ಟೇ ದುಬಾರಿಯದಿರಲಿ.