ಪಾಠಾಂತರ

ಜೂನ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಗಾಳಿಬೀಡು ತನ್ನ ಹೆಸರನ್ನು ಸಾರ್ಥಕಪಡಿಸಿಕೊಳ್ಳಲು ತೊಡಗುತ್ತದೆ. ಗಾಳಿ ಮಳೆಯನ್ನು ಅಡ್ಡಡ್ಡವಾಗಿ ಹೊಡೆದುಕೊಂಡು ಬಂದು ಜಗಲಿಯೊಳಕ್ಕೆ ಎರಚುತ್ತದೆ. ಮಡಿಕೇರಿಯಿಂದ ಹತ್ತು ಕಿಲೋಮೀಟರಿನೊಳಗಿನ ದಾರಿಯಾದರೂ, ಕಾಲೇಜು ಮುಗಿಸಿ ಮನೆ ಸೇರುವ ಹೊತ್ತಿಗೆ ಕೊಡೆ ಇದ್ದವನೂ ಇಲ್ಲದವನೂ ಒಂದೇ ಆಗಿರುತ್ತಾರೆ. ಇಂಥ ಊರಿನಲ್ಲಿ ಉಕ್ಕಿನ ತಂತಿಯ ವಾದ್ಯವನ್ನು ಇಟ್ಟುಕೊಳ್ಳುವುದು ಜಾಣರ ಲಕ್ಷಣವಲ್ಲ. ಆದರೂ ನಮ್ಮ ಮನೆಯಲ್ಲಿ ಅಂಥದೊಂದು ಇದೆ. ಅದು ನನ್ನ ಸೋದರಮಾವನದು. ಮಕ್ಕಳಿಲ್ಲದ ಅವರ ಮನೆಯಲ್ಲಿಯೇ ನಾನು ಬೆಳೆದವನು. ಮಾವ ತೀರಿಕೊಂಡ ಮೇಲೆ ಒಂದು ದಿನ ಅತ್ತೆ ಅದನ್ನು ತಂದು ನನ್ನ ಮುಂದಿಟ್ಟು, “ಅಟ್ಟದ ಮೇಲಿಟ್ಟರೆ ಇಲಿಯ ಪಾಲು, ನೀನೇ ಬಾರಿಸು” ಎಂದರು.

ವಾದ್ಯದ ಹೆಸರು ಹವಾಯಿ ಗಿಟಾರ್. ಎದೆಗೆ ಅವಚಿಕೊಂಡು ಬಾರಿಸುವ ಗಿಟಾರಿನಂತಲ್ಲ. ಇದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಬಲಗೈಯ ಬೆರಳುಗಳಿಗೆ ಉಗುರು ತೊಟ್ಟು ಮೀಟುತ್ತ, ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸಬೇಕು. ಗೋಟುವಾದ್ಯವನ್ನು ಕಂಡವರಿಗೆ ಇದೇನೂ ವಿಚಿತ್ರವೆನಿಸದು. ಮೈಸೂರು ಅರಮನೆಯ ವಿದ್ವಾಂಸರಾಗಿದ್ದ ನಾರಾಯಣ ಅಯ್ಯಂಗಾರ್ಯರ ಕೈಯಲ್ಲಿ ಆ ವಾದ್ಯ ಎಷ್ಟು ಎತ್ತರಕ್ಕೆ ಹೋಯಿತೆಂಬುದನ್ನು ಸಂಗೀತ ಬಲ್ಲವರು ಈಗಲೂ ಹೇಳುತ್ತಾರೆ. ಹವಾಯಿಯಲ್ಲಿ ಈ ಜಾರುವ ವಿದ್ಯೆಯನ್ನು ರೂಢಿಗೆ ತಂದವನು ಓಹಾಹು ದ್ವೀಪದ ಲಾಯಿಯೆ ಎಂಬ ಹಳ್ಳಿಯ ಹುಡುಗ ಜೋಸೆಫ್ ಕೆಕುಕು. ಕಾಲ ಸುಮಾರು 1889. ಅವನು ಮೊದಲು ತಂತಿಗೆ ತಾಗಿಸಿದ್ದು ರೈಲುಹಳಿಯ ಬೋಲ್ಟು ಎನ್ನುತ್ತಾರೆ ಕೆಲವರು, ಬಾಚಣಿಗೆ ಎನ್ನುತ್ತಾರೆ ಕೆಲವರು, ಕಿಸೆಯ ಚಾಕು ಎನ್ನುತ್ತಾರೆ ಮತ್ತೆ ಕೆಲವರು. ಇವನಿಗಿಂತ ಮೊದಲೇ ಅಲ್ಲಿ ಹೀಗೆ ಬಾರಿಸುತ್ತಿದ್ದವನು ಭಾರತದಲ್ಲಿ ಹುಟ್ಟಿದ ಗೇಬ್ರಿಯಲ್ ಡೇವಿಯನ್ ಎಂಬವನು ಎಂಬ ಮಾತೂ ಉಂಟು. ಕಥೆಗೇ ಇಷ್ಟು ಪಾಠಾಂತರಗಳಿದ್ದ ಮೇಲೆ ರಾಗಗಳಿಗೆ ಇರಬಾರದೆ?

ಮಾವ ಸೈನ್ಯದಲ್ಲಿದ್ದರು, ಕೆಲವು ವರ್ಷ ಕಲ್ಕತ್ತೆಯಲ್ಲಿದ್ದರು. ಕಲ್ಕತ್ತೆ ಆಗ ಈ ವಾದ್ಯದ ತವರುಮನೆಯಂತಿತ್ತು. ಸಮೋವಾದಲ್ಲಿ ಹುಟ್ಟಿ ಹವಾಯಿಯಲ್ಲಿ ಬೆಳೆದ ಟೌ ಮೋ ಎಂಬ ವಾದಕ 1940ರ ದಶಕದಲ್ಲಿ ಅಲ್ಲಿ ಸಂಸಾರಸಮೇತ ನೆಲೆಸಿದ್ದನು. ಅಲ್ಲಿಯವನೇ ಆದ ಗಾರ್ನಿ ನಿಸ್ ರೇಡಿಯೋದಲ್ಲಿ ಬಾರಿಸಿ ಮನೆಮಾತಾಗಿದ್ದನು. ಆಮೇಲೆ ಬಂಗಾಳಿಗಳು ರವೀಂದ್ರ ಸಂಗೀತವನ್ನೂ ಚಿತ್ರಗೀತೆಗಳನ್ನೂ ಇದರ ಮೇಲೆಯೇ ನುಡಿಸಿದರು. ಬ್ರಿಜ್ ಭೂಷಣ್ ಕಾಬ್ರಾ ಅವರು ಇದರಲ್ಲಿ ಹಿಂದೂಸ್ತಾನಿ ರಾಗಗಳನ್ನು ಬಿಡಿಸಿ ತೋರಿಸಿದ್ದು ಬೇರೆಯ ಕಥೆ. ಮಾವನಿಗೆ ಒಬ್ಬ ಬಂಗಾಳಿ ಮೇಷ್ಟರು ಸಿಕ್ಕಿದರು. ಹಳೆಯ ವಾದ್ಯವೊಂದು ಅಗ್ಗಕ್ಕೆ ಸಿಕ್ಕಿತು. ಜತೆಗೆ ಚಾವಿ ಕೊಡುವ ಗ್ರಾಮಫೋನೂ ನಾಲ್ಕೆಂಟು ತಟ್ಟೆಗಳೂ ಬಂದವು. ಅವುಗಳಲ್ಲಿ ಒಂದರ ಮೇಲೆ ‘ಅಲೋಹಾ ಓಯೆ’ ಇತ್ತು. ನಿವೃತ್ತರಾಗಿ ಊರಿಗೆ ಬಂದು ಕಾಫಿ, ಏಲಕ್ಕಿ ಎಂದು ತೋಟದಲ್ಲಿ ದುಡಿದ ಮಾವ ಸಂಜೆಯಾದರೆ ಕಾಲು ತೊಳೆದುಕೊಂಡು ಜಗಲಿಯಲ್ಲಿ ಕುಳಿತು ಅದನ್ನೊಮ್ಮೆ ಬಾರಿಸದೆ ಊಟಕ್ಕೆ ಏಳುತ್ತಿರಲಿಲ್ಲ. ಬೇರೆ ರಾಗಗಳನ್ನು ಕನ್ನಡ ಅಕ್ಷರದಲ್ಲಿ ಸರಿಗಮ ಹಾಕಿ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಇದೊಂದನ್ನು ಮಾತ್ರ ಬರೆದಿರಲಿಲ್ಲ. ನಾನು ಅವರ ಕೈ ನೋಡಿಯೇ ಕಲಿತೆ.

ಈ ಗೀತೆಯನ್ನು ಕಟ್ಟಿದವಳು ಹವಾಯಿಯ ಕೊನೆಯ ರಾಣಿ ಲಿಲಿಯುಓಕಲಾನಿ. 1878ರಲ್ಲಿ, ಇನ್ನೂ ರಾಜಕುಮಾರಿಯಾಗಿದ್ದಾಗ, ಒಂದು ಕುದುರೆ ಸವಾರಿ ಮುಗಿಸಿ ಹೊರಡುವ ಹೊತ್ತಿನಲ್ಲಿ ತನ್ನ ಜತೆಯವನೊಬ್ಬನನ್ನು ಹುಡುಗಿಯೊಬ್ಬಳು ಹೂಮಾಲೆ ಕೊಟ್ಟು ಬೀಳ್ಕೊಟ್ಟದ್ದನ್ನು ಕಂಡು ರಚಿಸಿದಳಂತೆ. ಎಂದರೆ ಇಬ್ಬರು ಪ್ರೇಮಿಗಳ ವಿದಾಯ, ಅಷ್ಟೇ. 1891ರಲ್ಲಿ ಅವಳು ಪಟ್ಟಕ್ಕೆ ಬಂದಳು. 1893ರ ಜನವರಿಯಲ್ಲಿ ಅವಳನ್ನು ಪದಚ್ಯುತಗೊಳಿಸಿದರು. 1895ರಲ್ಲಿ ಅವಳ ಅರಮನೆಯ ಕೋಣೆಯೊಂದರಲ್ಲಿಯೇ ಅವಳನ್ನು ಸೆರೆಯಿಟ್ಟರು. ಆ ಕೋಣೆಯಲ್ಲಿ ಅವಳು ಈ ಹಾಡಿನ ಸ್ವರಗಳನ್ನು ಕಾಗದಕ್ಕಿಳಿಸಿದಳು. ಮೊದಮೊದಲು ವಾದ್ಯವೂ ಇರಲಿಲ್ಲ. ಬಾಯಲ್ಲಿ ಹಾಡಿಕೊಂಡೇ ಬರೆದಳು. 1898ರಲ್ಲಿ ದೇಶ ಅಮೆರಿಕದ ಪಾಲಾಯಿತು. ಒಂದು ಸ್ವರವೂ ಬದಲಾಗದೆ ಪ್ರೇಮಿಗಳ ವಿದಾಯ ಒಂದು ರಾಜ್ಯದ ವಿದಾಯವಾಯಿತು. 1961ರ ಒಂದು ಚಲನಚಿತ್ರದಲ್ಲಿ ಎಲ್ವಿಸ್ ಪ್ರೀಸ್ಲಿ ಇದನ್ನೇ ಹಾಡಿದ್ದಾನೆ. ಅಲ್ಲಿ ಅದು ಕಡಲ ತೀರದ ಉಲ್ಲಾಸ. ಇನ್ನೊಂದು ವಿಷಯ: ರಾಣಿಯ ಧಾಟಿಯೂ ಪೂರ್ತಿ ಅವಳದಲ್ಲ ಎನ್ನುತ್ತಾರೆ. ನುಡಿಯ ಭಾಗಕ್ಕೆ ಕಾನ್‌ವರ್ಸ್ ಎಂಬವನ ಹಾಡೊಂದರ ಹೋಲಿಕೆ ಇದೆ, ಪಲ್ಲವಿಗೆ ಜಾರ್ಜ್ ರೂಟ್‌ನದರ ಹೋಲಿಕೆ ಇದೆ. ಎರಡೂ 1850ರ ದಶಕದ ಅಮೆರಿಕದ ಹಾಡುಗಳು. ಮೂಲವನ್ನು ಅಗೆಯುತ್ತ ಹೋದರೆ ಇನ್ನೊಂದು ಮೂಲ ಸಿಕ್ಕುತ್ತದೆ. ನಮ್ಮ ಹಸ್ತಪ್ರತಿಗಳ ಕಥೆಯೂ ಇದೇ ತಾನೆ!

ಮಾವನ ಕಾಲವಾದ ಮೇಲೆ ನನಗೆ ಒಂದು ಹಟ ಹತ್ತಿತು. ಈಗ ಕಿಸೆಯಲ್ಲಿರುವ ಯಂತ್ರವನ್ನು ತಟ್ಟಿದರೆ ಭೂಮಂಡಲದ ವಾದಕರೆಲ್ಲ ಎದುರಿಗೆ ಬಂದು ಕೂರುವ ಕಾಲ. ಒಬ್ಬೊಬ್ಬರು ಈ ರಾಗವನ್ನು ಹೇಗೆ ನುಡಿಸಿದ್ದಾರೆಂದು ಕೇಳುತ್ತ, ಕೇಳಿದ್ದನ್ನು ಕೈಗೆ ತರಲು ತೊಡಗಿದೆ. ಹವಾಯಿಯ ಹಳೆಯ ವಾದಕರು ಎರಡು ಮೂರು ತಂತಿಗಳನ್ನು ಒಟ್ಟಿಗೆ ಹಿಡಿದು ಜಾರುತ್ತಾರೆ. ನಡುನಡುವೆ ತಂತಿಯನ್ನು ಒತ್ತದೆ ಬರಿದೆ ಮುಟ್ಟಿಬಿಟ್ಟು ಗಂಟೆಯಂಥ ಸ್ವರ ಹೊರಡಿಸುತ್ತಾರೆ. ಇಗರ್ಜಿಯ ಗಾನದಂತೆ ನುಡಿಸುವವರು ಜಾರುವುದನ್ನೇ ಕಡಿಮೆ ಮಾಡಿ ಸ್ವರದ ಮೇಲೆ ನೇರವಾಗಿ ಇಳಿಯುತ್ತಾರೆ. ಬಂಗಾಳಿಗಳದು ಒಂದೇ ತಂತಿಯ ಮೇಲಿನ ನಡೆ; ಹಾಡುವ ಗಂಟಲನ್ನು ಅನುಸರಿಸುವುದು. ಮಾವನ ಕೈಯಲ್ಲಿ ಇವೆಲ್ಲ ಕಲೆತು, ಅದರ ಮೇಲೆ ನಮ್ಮ ಕಡೆಯ ಗಮಕವೂ ಸೇರಿತ್ತು. ಪಲ್ಲವಿ ಎದ್ದ ಕೂಡಲೆ ಗಾಂಧಾರ ಮಧ್ಯಮಗಳ ನಡುವೆ ಅವರ ಕೈ ತೊಟ್ಟಿಲಿನಂತೆ ತೂಗುತ್ತಿತ್ತು. ಪ್ರತಿಯೊಂದು ರೀತಿಗೂ ಮಣಿಕಟ್ಟು ಬೇರೆ, ಉಸಿರು ಬೇರೆ. ಒಂದನ್ನು ಕಲಿಯಬೇಕಾದರೆ ಇನ್ನೊಂದನ್ನು ಕೈ ಸ್ವಲ್ಪ ಮರೆಯಬೇಕು. ನಲವತ್ತು ದಾಟಿದ ಕೈ ಸುಲಭವಾಗಿ ಮರೆಯುವುದಿಲ್ಲ.

ಹೀಗೆ ಕೇಳುತ್ತಿದ್ದಾಗ ಒಂದು ಸಂಗತಿ ಬೆಳಕಿಗೆ ಬಂತು. ಎಲ್ಲರ ವಾದನದಲ್ಲಿಯೂ ಪಲ್ಲವಿಯ ಎರಡನೆಯ ಸಾಲಿನಲ್ಲಿ ಎರಡು ಎಣಿಕೆ ಹೆಚ್ಚಾಗಿದೆ. ಹೆಚ್ಚಾಗಿದೆ ಎಂದು ನನಗೆ ತೋರಿದ್ದು; ನಿಜ ಹೇಳಬೇಕಾದರೆ ಮಾವನದರಲ್ಲಿ ಎರಡು ಎಣಿಕೆ ಕಡಿಮೆಯಾಗಿತ್ತು. ಆ ಜಾಗದಲ್ಲಿ ಅವರು ಒಂದು ಸ್ವರದಿಂದ ಥಟ್ಟನೆ ಮುಂದಿನದಕ್ಕೆ ಹಾರುತ್ತಿದ್ದರು. ಹುಡುಗತನದಿಂದ ಕೇಳಿದ ನನಗೆ ಆ ಹಾರುವಿಕೆಯೇ ರಾಗದ ಜೀವವೆನಿಸಿತ್ತು.

ಗ್ರಂಥಸಂಪಾದನೆಯನ್ನು ಪಾಠ ಹೇಳುವವನ ಬುದ್ಧಿ ಎಲ್ಲಿ ಹೋದೀತು? ಕಾರಣವನ್ನು ಹುಡುಕಿದೆ, ಸಿಕ್ಕಿತು. ಆ ತಟ್ಟೆ ನಿಮಿಷಕ್ಕೆ 78 ಸುತ್ತಿನದು. ಒಂದು ಸುತ್ತಿಗೆ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು. ತಟ್ಟೆಯ ಮೇಲೆ ಗೀರು ಬಿದ್ದಿದ್ದು, ಮುಳ್ಳು ಎರಡು ಗೆರೆಗಳನ್ನು ಹಾರಿದ್ದರೆ ಒಂದೂವರೆ ಸೆಕೆಂಡು ಹೋಯಿತು. ಆ ನಿಧಾನದ ನಡೆಯಲ್ಲಿ ಅದು ಸರಿಯಾಗಿ ಎರಡು ಎಣಿಕೆ! ಓಲೆಗರಿಯಲ್ಲಿ ಹುಳು ತಿಂದ ಜಾಗವನ್ನು ನಕಲುಗಾರ ಹಾಗೆಯೇ ಬಿಟ್ಟು ಮುಂದೆ ಬರೆಯುತ್ತಾನಲ್ಲ, ಇದೂ ಅದೇ; ಗ್ರಂಥಪಾತ. ತಟ್ಟೆಯನ್ನು ತೆಗೆದು ನೋಡೋಣವೆಂದರೆ ಅದಿಲ್ಲ. 2018ರ ಆಗಸ್ಟಿನ ಮಳೆಯಲ್ಲಿ, ಸುತ್ತಮುತ್ತಲ ಗುಡ್ಡಗಳೇ ಜರಿದು ಮೊಣ್ಣಂಗೇರಿಯ ಕಡೆ ಜನ ಮನೆಮಠ ಕಳೆದುಕೊಂಡ ಆ ದಿನಗಳಲ್ಲಿ, ನಮ್ಮ ಮನೆಯ ಹಿಂದಣ ಬರೆಯೂ ಕುಸಿದು ಒಂದು ಕೋಣೆ ಹೋಯಿತು. ಗ್ರಾಮಫೋನು, ತಟ್ಟೆಗಳು ಆ ಕೋಣೆಯಲ್ಲಿದ್ದವು. ಜೀವ ಉಳಿದದ್ದೇ ದೊಡ್ಡದಾಗಿದ್ದಾಗ ಅದರ ದುಃಖ ಯಾರಿಗೂ ಆಗಲಿಲ್ಲ. ಮೂಲಪ್ರತಿ ನಷ್ಟವಾಯಿತು, ಉಳಿದದ್ದು ನನ್ನ ಕೈಯಲ್ಲಿರುವ ನಕಲು.

ಈಗ ಏನು ಮಾಡಬೇಕು? ಇದು ನನಗೆ ನಿಜವಾದ ಪ್ರಶ್ನೆಯಾಗಿ ಕಾಡಿತು. ‘ಪಾಠಾಂತರ’ ಎಂಬ ಮಾತನ್ನು ನೋಡಿ. ಹಸ್ತಪ್ರತಿ ತಿದ್ದುವವನಿಗೆ ಅದು ತಲೆನೋವು. ಇರುವ ನಾಲ್ಕರಲ್ಲಿ ಮೂರನ್ನು ಅಡಿಟಿಪ್ಪಣಿಗೆ ತಳ್ಳಿದ ಹೊರತು ಅವನಿಗೆ ನಿದ್ದೆ ಬಾರದು. ಅದೇ ಮಾತು ಸಂಗೀತಗಾರರ ಬಾಯಲ್ಲಿ ಹೊಗಳಿಕೆ. ‘ಅವರದು ಒಳ್ಳೆಯ ಪಾಠಾಂತರ’ ಎಂದರೆ ಗುರುಮುಖದಿಂದ ಬಂದದ್ದು, ಕೆಡದೆ ಉಳಿದದ್ದು ಎಂದರ್ಥ. ಒಬ್ಬನಿಗೆ ಪಾಠಾಂತರವೆಂದರೆ ಸತ್ಯದಿಂದ ದೂರ ಹೋದದ್ದು. ಇನ್ನೊಬ್ಬನಿಗೆ ಗುರುವಿನಿಂದ ದೂರ ಹೋಗದಿರುವುದು. ನಾನು ಹಗಲಿಗೆ ಮೊದಲನೆಯವನು, ಸಂಜೆಗೆ ಎರಡನೆಯವನು.

ಹಗಲಿನವನ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಒಬ್ಬ ಹುಡುಗ ಕುಮಾರವ್ಯಾಸನ ಪದ್ಯವೊಂದನ್ನು ಬಾಯಿಪಾಠ ಒಪ್ಪಿಸಿದ. ಒಂದು ಮಾತು ಪುಸ್ತಕದಲ್ಲಿದ್ದಂತೆ ಇರಲಿಲ್ಲ. ತಿದ್ದಿದೆ. “ನಮ್ಮಜ್ಜ ಹೀಗೇ ಓದುತ್ತಿದ್ದರು ಸಾರ್” ಎಂದ. ಅಜ್ಜನನ್ನೂ ಸೇರಿಸಿ ತಿದ್ದಿದೆ, ತರಗತಿ ನಕ್ಕಿತು. ಬಹಳ ದಿನದ ಮೇಲೆ ಹಳೆಯ ಮುದ್ರಣವೊಂದರ ಅಡಿಟಿಪ್ಪಣಿಯಲ್ಲಿ ಅಜ್ಜನ ಮಾತು ಕಣ್ಣಿಗೆ ಬಿತ್ತು. ಹುಡುಗ ಅಷ್ಟರಲ್ಲಿ ಕಾಲೇಜು ಬಿಟ್ಟು ಹೋಗಿದ್ದ. ಪಂಪನ ಕಾವ್ಯದ ಪ್ರತಿಗಳು ಬೆರಳೆಣಿಕೆಯಷ್ಟು, ಕುಮಾರವ್ಯಾಸನವು ಊರೂರಿಗೆ. ಮನೆಮನೆಯಲ್ಲಿ ಓದಿಸಿಕೊಂಡವನ ಕಾವ್ಯವೇ ಹೆಚ್ಚು ‘ಕೆಟ್ಟಿದೆ’.

ಹಾಗೆಂದು ಎಲ್ಲ ತಪ್ಪೂ ಪಾಠಾಂತರವೆಂದು ನಾನು ಒಪ್ಪುವವನಲ್ಲ. ತಾಳ ತಪ್ಪಿದವರು ‘ಇದು ನನ್ನ ಶೈಲಿ’ ಎಂದು ಹೇಳಿಕೊಳ್ಳುವುದನ್ನು ಸಾಕಷ್ಟು ಕೇಳಿದ್ದೇನೆ. ಪೂರ್ತಿಯನ್ನು ಬಲ್ಲವನು ಬಿಟ್ಟರೆ ಅದು ಬಿಟ್ಟದ್ದು. ಬಲ್ಲದವನು ಬಿಟ್ಟರೆ ಅದು ಬಿದ್ದುಹೋದದ್ದು. ಮಾವನದು ಎರಡನೆಯ ಜಾತಿಯದೆಂದು ನಾನು ತೀರ್ಮಾನಿಸಿದೆ. ಪಾಪ, ತಟ್ಟೆಯಲ್ಲಿ ಕೇಳಿದ್ದನ್ನು ಪ್ರಾಮಾಣಿಕವಾಗಿ ಕಲಿತರು. ಅವರಿಗೆ ಅದು ಸತ್ಯವೇ. ಆದರೆ ಗೀರಿನ ವಿಷಯ ತಿಳಿದ ನಾನೂ ಹಾಗೆಯೇ ಬಾರಿಸಿದರೆ ಅದು ಸತ್ಯವೆ, ನಟನೆಯೆ? ಸೆರೆಮನೆಯಲ್ಲಿ ಕುಳಿತು ಬಾಯಲ್ಲೇ ಹಾಡಿಕೊಂಡು ಬರೆದ ರಾಣಿಯ ಎರಡು ಎಣಿಕೆಯನ್ನು ನುಂಗಿಹಾಕಲು ನನಗೇನು ಅಧಿಕಾರ?

ತಿದ್ದಿಕೊಳ್ಳುವುದೇ ಸರಿಯೆಂದುಕೊಂಡೆ. ಹದಿನೈದು ದಿನ ಅಭ್ಯಾಸ ಮಾಡಿ, ಒಂದು ಸಂಜೆ ಜಗಲಿಯಲ್ಲಿ ಕುಳಿತು ಶುದ್ಧಪಾಠವನ್ನು ನುಡಿಸಿದೆ. ಅತ್ತೆ ಒಳಗೆ ಕರಿಮೆಣಸು ಆರಿಸುತ್ತಿದ್ದವರು ಬಾಗಿಲಿಗೆ ಬಂದು ನಿಂತರು. “ಇದು ಅದಲ್ಲ” ಎಂದರು.

ನಾನು ವಿವರಿಸಿದೆ. ತಟ್ಟೆ, ಮುಳ್ಳು, ಗೀರು, ಒಂದೂವರೆ ಸೆಕೆಂಡು ಎಲ್ಲವನ್ನೂ ತರಗತಿಯಲ್ಲಿ ಹೇಳುವಂತೆ ಹೇಳಿದೆ. ಅತ್ತೆ ಸುಮ್ಮನೆ ಕೇಳಿ, ಕೊನೆಗೆ ನಕ್ಕರು. “ಗೀರಿದವಳು ನಾನೇ ಮಾರಾಯ” ಎಂದರು.

ಮದುವೆಯಾಗಿ ಕಲ್ಕತ್ತೆಗೆ ಹೋದ ಹೊಸತು. ಗ್ರಾಮಫೋನನ್ನು ಅವರು ಅದುವರೆಗೆ ಮುಟ್ಟಿದವರಲ್ಲ. ಮಾವ ಡ್ಯೂಟಿಗೆ ಹೋದಾಗ ಧೂಳು ಒರೆಸಲು ಹೋಗಿ ಮುಳ್ಳಿನ ತೋಳು ಜಾರಿ ತಟ್ಟೆಯ ಮೇಲೆ ಎಳೆಯಿತು. ಹೆದರಿಕೊಂಡು ಹೇಳಲಿಲ್ಲ. ಸಂಜೆ ಮಾವ ತಟ್ಟೆ ಹಾಕಿದರು, ಮುಳ್ಳು ಹಾರಿತು. ಅವರು ಏನೂ ಕೇಳಲಿಲ್ಲ. “ಅದಕ್ಕೆ ಮೊದಲು ಅವರು ನೀನು ಈಗ ಬಾರಿಸಿದ ಹಾಗೆಯೇ ಬಾರಿಸುತ್ತಿದ್ದರು. ನನಗೆ ನೆನಪುಂಟು. ಆಮೇಲೆ ಹೀಗಾಯಿತು.”

“ಯಾಕೆಂದು ಕೇಳಲಿಲ್ಲವೆ ಅತ್ತೆ?”

“ಕೇಳಿದರೆ ತಟ್ಟೆಯ ವಿಷಯ ಹೇಳಬೇಕಲ್ಲ” ಎಂದು ಅವರು ಒಳಗೆ ಹೋದರು.

ನನ್ನ ಲೆಕ್ಕವೆಲ್ಲ ಸರಿಯಾಗಿತ್ತು. ಮನುಷ್ಯನೊಬ್ಬ ಮಾತ್ರ ತಪ್ಪಿದ್ದ. ನಕಲುಗಾರನಿಗೆ ತಿಳಿಯದು ಎಂದುಕೊಂಡೇ ನಾವು ಸಂಪಾದನೆಗೆ ಕೂರುತ್ತೇವೆ. ಮಾವ ಪೂರ್ತಿ ಬಲ್ಲವರು, ಬಲ್ಲವರಾಗಿಯೇ ಬಿಟ್ಟರು. ಹೊಸ ಹೆಂಡತಿಗೆ ಆ ತಟ್ಟೆ ಕೆಟ್ಟಿದೆಯೆಂದು ದಿನವೂ ತೋರಿಸಿಕೊಡಬಾರದೆಂದು ಬಿಟ್ಟರೋ, ಹಾರುವುದೇ ಚೆನ್ನಾಗಿದೆಯೆನಿಸಿತೋ, ದಿನವೂ ಕೇಳಿ ಕೇಳಿ ಕೈ ತಾನಾಗಿ ಅದಕ್ಕೆ ಹೊಂದಿಕೊಂಡಿತೋ, ಅತ್ತೆಯೇ ಹೇಳಲಾರರು. ಬಿಟ್ಟದ್ದು, ಬಿದ್ದುಹೋದದ್ದು ಎಂದು ನಾನು ಹಾಕಿಕೊಂಡಿದ್ದ ಗೆರೆಯ ಎರಡೂ ಕಡೆ ಮಾವ ಕುಳಿತಿದ್ದರು.

ಈಗ ಅತ್ತೆಗಾಗಿ ಬಾರಿಸುವಾಗ ಮಾವನ ಪಾಠ; ಒಬ್ಬನೇ ಇದ್ದಾಗ ರಾಣಿಯದು. ನಟನೆಯೆ ಎಂಬ ಪ್ರಶ್ನೆ ಮೊದಲಿನಷ್ಟು ಚುಚ್ಚುವುದಿಲ್ಲ, ಹೋಗಿಯೂ ಇಲ್ಲ. ಹೋದ ಬೇಸಗೆಯಿಂದ ನೆರೆಮನೆಯ ಹುಡುಗಿಯೊಬ್ಬಳು ಕಲಿಯಲು ಬರುತ್ತಿದ್ದಾಳೆ. ಅವಳಿಗೆ ಎರಡನ್ನೂ ತೋರಿಸಿ, ಗೀರಿನ ಕಥೆಯನ್ನೂ ಹೇಳಿದೆ. “ಸ್ಪರ್ಧೆಯಲ್ಲಿ ಯಾವುದು ಬಾರಿಸಬೇಕು ಸಾರ್?” ಎಂದು ಕೇಳಿದಳು. ಪೂರ್ತಿಯಿರುವುದನ್ನು ಎಂದೆ, ಅದನ್ನೇ ಕಲಿಸಿದೆ. ಅವಳ ಕೈ ಚುರುಕು. ಒಂದು ತಿಂಗಳಲ್ಲಿ ಬಂತು. ಆದರೆ ಆ ಜಾಗಕ್ಕೆ ಬಂದಾಗ ಅವಳ ಎಡಗೈ ಒಂದು ಕ್ಷಣ ತಡೆದು ಮುಂದೆ ಹೋಗುತ್ತದೆ. ಹಾಗೆ ತಡೆಯುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಮೊನ್ನೆ ನನ್ನ ಕೈಯನ್ನೇ ಗಮನಿಸಿ ನೋಡಿದೆ. ಅಲ್ಲಿ ತಡೆಯುತ್ತಿರುವವನು ನಾನು.