ಕಡ್ಡಿ ಗೀರುವ ಮುನ್ನ

ಸಂಕ್ರಾಂತಿ ಕಳೆದು ಬಿಸಿಲು ಬಲಿಯತೊಡಗಿತೆಂದರೆ ಅಫಜಲಪುರ ತಾಲ್ಲೂಕಿನ ಮಣ್ಣೂರಿನ ಅಂಗಳಗಳಲ್ಲಿ ಕಸಬರಿಗೆಗೆ ಪುರಸೊತ್ತಿಲ್ಲ. ಮಕ್ಕಳ ಚಿತ್ರಪುಸ್ತಕದಲ್ಲಿ ಎಲೆ ಉದುರುವುದು ಅಕ್ಟೋಬರಿನಲ್ಲಿ, ಕೆಂಪು ಹಳದಿ ಬಣ್ಣ ಬಳಿದುಕೊಂಡು, ಚಳಿಗೆ ಹೆದರಿ. ಭೀಮಾ ದಂಡೆಯ ನಮ್ಮ ಕಡೆ ಅಕ್ಟೋಬರಿನಲ್ಲಿ ಗಿಡಮರಗಳೆಲ್ಲ ಹಸಿರು. ಹೊಲದಲ್ಲಿ ಹಿಂಗಾರಿ ಜೋಳ ಆಗಷ್ಟೇ ಮೊಳೆಯುತ್ತಿರುತ್ತದೆ. ಇಲ್ಲಿ ಎಲೆ ಬೀಳುವುದು ಮಾಘ, ಫಾಲ್ಗುಣದಲ್ಲಿ, ಅದೂ ಮುಂದೆ ಬರಲಿರುವ ಬಿಸಿಲಿಗೆ ಅಂಜಿ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಾಡಿದು. ಮರದ ನೀರು ಹೆಚ್ಚಾಗಿ ಆವಿಯಾಗಿ ಹೋಗುವುದು ಎಲೆಯ ಮೂಲಕವೇ. ಎರೆಭೂಮಿಯ ಹಸಿ ಆರುತ್ತ ಬಂದಂತೆ ಬೇವು, ಅರಳಿ ಮರಗಳು ಹಳೆಯ ಎಲೆ ಕಳಚಿ ಖರ್ಚು ಕಡಿಮೆ ಮಾಡಿಕೊಳ್ಳುತ್ತವೆ. ಯುಗಾದಿಗೆ ಮತ್ತೆ ತಾಮ್ರಬಣ್ಣದ ಚಿಗುರು.

ಬೇವಿನೆಲೆ ಉಡುಗಿದವರಿಗೇ ಗೊತ್ತು ಅದರ ಕಾಟ. ಅದು ಇಡಿಯಾಗಿ ಬೀಳುವುದಿಲ್ಲ. ಮೊದಲು ಕುಡುಗೋಲಿನಂತೆ ಬಾಗಿದ ಸಣ್ಣ ಎಲೆಗಳು ಬಿಡಿಬಿಡಿಯಾಗಿ ಉದುರುತ್ತವೆ, ಆಮೇಲೆ ಅವನ್ನು ಹಿಡಿದಿದ್ದ ಕಡ್ಡಿ. ಎಲೆ ಬಾಗಿಲ ಸಂದು, ಹಂಚಿನ ಸಂದು, ನೀರಿನ ಕೊಡ ಎಲ್ಲಕ್ಕೂ ಸೇರುತ್ತದೆ. ಕಡ್ಡಿ ಕಸಬರಿಗೆಯೊಳಗೇ ಸಿಕ್ಕಿಕೊಂಡು ಉಡುಗಿದ ಜಾಗದಲ್ಲೇ ಮತ್ತೆ ಉದುರುತ್ತದೆ. ಮುಂಜಾನೆ ಸ್ವಚ್ಛ ಮಾಡಿದ ಅಂಗಳ ಹೊತ್ತೇರುವಷ್ಟರಲ್ಲಿ ಹಳದಿ. “ಮಾಘದಾಗ ಎಲಿ, ಚೈತ್ರದಾಗ ಹೂವು, ಮಳಿ ಹತ್ತಿದ್ರ ಹಣ್ಣು. ವರ್ಷಪೂರ್ತಿ ಇದರದೇ ಚಾಕರಿ ನೋಡ್ರಿ” ಎಂದು ಓಣಿಯ ಅವ್ವಂದಿರು ಗೊಣಗುತ್ತಾರೆ. ಹಾಗಾದರೆ ಕಡಿಸಿಬಿಡಿ ಅಂದರೆ ಸಿಟ್ಟು ನೆತ್ತಿಗೇರುತ್ತದೆ. ಬೇಸಿಗೆಯಲ್ಲಿ ಹೊರಸು ಹಾಕುವುದು ಅದರ ನೆರಳಿಗೇ. ಮೇಲಾಗಿ ಇದು ಯಲ್ಲಮ್ಮನ ಊರು; ಬೇವಿಗೆ ಕೊಡಲಿ ಇಡುವ ಮಾತನ್ನು ಯಾರೂ ಲಘುವಾಗಿ ಆಡುವುದಿಲ್ಲ.

ಮರಕ್ಕೆ ಇಷ್ಟು ಮರ್ಯಾದೆ. ಅದರ ಎಲೆಗೆ ಮಾತ್ರ ಬೆಂಕಿಕಡ್ಡಿ. ಸಂಜೆಯಾದರೆ ಮನೆಮನೆಯ ಮುಂದೆ ಒಂದೊಂದು ಗುಂಪಿ, ಒಂದೊಂದು ಹೊಗೆ. ಥಳಿ ಹೊಡೆದ ಅಂಗಳದ ಎಲೆಯಾದ್ದರಿಂದ ಅಡಿಯಲ್ಲಿ ಪಸೆ ಇರುತ್ತದೆ. ಧಗಧಗ ಉರಿಯದೆ ಒಳಗೊಳಗೇ ಕನಲುತ್ತದೆ. ಹೀಗೆ ಅರೆಬರೆ ಸುಟ್ಟಾಗಲೇ ಹೊಗೆಯ ಸೂಕ್ಷ್ಮ ಕಣಗಳೂ ಇಂಗಾಲದ ಮೊನಾಕ್ಸೈಡೂ ಹೆಚ್ಚು. ಚಳಿಗಾಲದ ಸಂಜೆಯ ಹೊಗೆ ಮೇಲೇರದೆ ನೆಲ ಹಿಡಿದು ಓಣಿಯಲ್ಲೇ ಸುತ್ತುತ್ತದೆ. ಕೆಮ್ಮುವ ಮುದುಕರು, ತೊಟ್ಟಿಲ ಕೂಸುಗಳು ಇರುವ ಮನೆಗೂ ಅದೇ ಗಾಳಿ. ತಿಪ್ಪೆಯ ಮೂಲೆಯಲ್ಲಾಗಲಿ ರಸ್ತೆಯ ಬದಿಯಲ್ಲಾಗಲಿ ಕಸ ಸುಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ. ಸಣ್ಣಪುಟ್ಟ ಸುಡುವಿಕೆಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ. ಹಳ್ಳಿಯಲ್ಲಿ ಆ ದಂಡದ ರಸೀದಿ ಕಂಡವರು ಯಾರೂ ಇರಲಿಕ್ಕಿಲ್ಲ. ಅಂಗಳದ ಹೆಂಗಸರಿಗೆ ದಂಡ ಹಾಕಿ ಸಾಧಿಸುವುದೂ ಏನಿಲ್ಲ ಬಿಡಿ.

ದಂಡಕ್ಕಿಂತ ಉತ್ತರ ಕೊಡಬೇಕಾದ ಮಾತು ಬೇರೆ ಇದೆ: “ಸುಟ್ಟರ ಏನಾತ್ರಿ? ಬೂದಿನೂ ಗೊಬ್ಬರನೇ ಅಲ್ಲೇನ್ರಿ?” ಹೌದು, ಬೂದಿ ಗೊಬ್ಬರವೇ, ಆದರೆ ನಮ್ಮ ನೆಲಕ್ಕಲ್ಲ. ಬೂದಿಯಲ್ಲಿ ಉಳಿಯುವುದು ಪೊಟ್ಯಾಷ್ ಮತ್ತು ಸುಣ್ಣ. ಅಫಜಲಪುರದ ಎರೆಮಣ್ಣಿನಲ್ಲಿ ಇವೆರಡೂ ಸಾಕಷ್ಟಿವೆ. ಎರೆ ಅಗೆದರೆ ಸುಣ್ಣಕಲ್ಲಿನ ಹರಳು ಕೈಗೇ ಸಿಗುತ್ತವೆ. ಮಣ್ಣು ಮೊದಲೇ ಕ್ಷಾರದ ಕಡೆಗೆ ವಾಲಿದೆ. ಈ ಮಣ್ಣಿಗೆ ಇಲ್ಲದಿರುವುದು ಸಾರಜನಕ ಮತ್ತು ಸಾವಯವ ಇಂಗಾಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’ ಎಂದು ಬರೆಯುತ್ತಾರೆ. ನಿಮ್ಮ ಹೊಲದ ಚೀಟಿ ತೆಗೆದು ನೋಡಿ. ಎಲೆ ಸುಟ್ಟಾಗ ಬೆಂಕಿಗೆ ಮೊದಲು ಹೋಗುವುದು ಸಾರಜನಕ, ಇಂಗಾಲ ಈ ಎರಡೇ. ಇಲ್ಲದ್ದನ್ನು ಹೊಗೆ ಮಾಡಿ ಕಳಿಸಿ, ಇದ್ದದ್ದನ್ನೇ ತಂದು ಮತ್ತೆ ಸುರಿದಂತಾಯಿತು.

ಇದು ನಮ್ಮವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ತೊಗರಿ ಬೆಳೆದ ಹೊಲದಲ್ಲಿ ಮರುವರ್ಷ ಜೋಳ ಚಲೋ ಬರುತ್ತದೆ ಎಂದು ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಬೇರಿನ ಗಂಟುಗಳಷ್ಟೇ ಅದಕ್ಕೆ ಕಾರಣವಲ್ಲ; ಕೊಯ್ಲಿಗೆ ಬರುವ ಹೊತ್ತಿಗೆ ತೊಗರಿ ತನ್ನ ಎಲೆಯನ್ನೆಲ್ಲ ಬುಡಕ್ಕೆ ಉದುರಿಸಿ ನೆಲಕ್ಕೆ ಹೊದಿಸಿರುತ್ತದೆ. ಆ ಎಲೆಯನ್ನು ಯಾರೂ ಉಡುಗುವುದಿಲ್ಲ, ಸುಡುವುದಿಲ್ಲ. ಶಿರಸಿ, ಸಿದ್ದಾಪುರದ ಅಡಿಕೆ ತೋಟದವರಂತೂ ಉದುರಿದ ಎಲೆಗೆ ಹಕ್ಕನ್ನೇ ಪಡೆದವರು. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ದಾಖಲೆಯಲ್ಲಿದೆ. ಚಳಿ ಮುಗಿಯುವಾಗ ಅಲ್ಲಿ ಹೆಂಗಸರು ಗಂಡಸರು ದರಕು, ಅಂದರೆ ಒಣ ಎಲೆ, ಗುಡಿಸಿ, ದೊಡ್ಡ ಕಲ್ಲಿಗಳಲ್ಲಿ ತುಂಬಿ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ. ಅಲ್ಲಿ ಬೆಟ್ಟ ಹತ್ತಿ ತರುವುದನ್ನು ಇಲ್ಲಿ ಮರ ನಮ್ಮ ಹೊಸ್ತಿಲಿಗೇ ತಂದು ಹಾಕುತ್ತದೆ.

ಹಿಂದೆ ಇಲ್ಲೂ ಅಂಗಳದ ಎಲೆ ಬುಟ್ಟಿಯಲ್ಲಿ ಕೂತು ತಿಪ್ಪಿಗೆ ಹೋಗುತ್ತಿತ್ತು. ದನದ ಕಾಲಡಿಯ ಹೆಂಡಿ, ಗಂಜಲ, ಒಲೆಯ ಬೂದಿ, ಮೇವಿನ ಉಳಿಕೆ ಎಲ್ಲ ಸೇರಿ ಕೊಳೆತು, ಬೇಸಿಗೆಯಲ್ಲಿ ಬಂಡಿ ಕಟ್ಟಿ ಹೊಲಕ್ಕೆ ಸಾಗಿಸಿದರೆ ಆಯಿತು. ಒಣ ಎಲೆ ತಾನಾಗಿ ಬೇಗ ಕೊಳೆಯುವುದಿಲ್ಲ. ಉದುರುವ ಮುನ್ನ ಮರ ತನ್ನ ಎಲೆಯ ಸಾರಜನಕ, ರಂಜಕದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಟೊಂಗೆಗೆ ಹಿಂದಕ್ಕೆಳೆದುಕೊಂಡಿರುತ್ತದೆ. ಹೆಂಡಿ ಬೀಳದೆ ಅದು ಬೇಗ ಗೊಬ್ಬರವಾಗದು. ಟ್ರ್ಯಾಕ್ಟರ್ ಬಂದು ಎತ್ತು ಹೋದವು, ಎತ್ತು ಹೋದ ಮೇಲೆ ತಿಪ್ಪಿ ಹೋಯಿತು, ತಿಪ್ಪಿಯ ಜಾಗದಲ್ಲಿ ಈಗ ಮನೆ ಎದ್ದಿದೆ. ಎಲೆ ಹೋಗುವ ದಾರಿಯೇ ಮುಚ್ಚಿದ ಮೇಲೆ ಕಡ್ಡಿ ಗೀರುವವರನ್ನು ಬೈದು ಏನು ಮಾಡುವುದು? ಇದೇ ಚಟ ಹೊಲದಲ್ಲಿ ಇನ್ನೂ ದೊಡ್ಡದಾಗಿದೆ. ಸೊನ್ನ ಬ್ಯಾರೇಜಿನ ನೀರು ನಂಬಿ ಕಬ್ಬು ಹಚ್ಚಿದವರು ಕಟಾವಾದ ರಾತ್ರಿಯೇ ರವದಿಗೆ ಬೆಂಕಿ ಇಡುತ್ತಾರೆ. ಅದನ್ನು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಸರಿಸಿದರೆ ಕಸವೂ ಏಳುವುದಿಲ್ಲ, ಕೂಳೆಗೆ ಒಂದೆರಡು ನೀರೂ ಉಳಿಯುತ್ತದೆ.

ಅಂಗಳಕ್ಕೆ ಸಾಕಾಗುವ ಉಪಾಯ ಹೊರಗಿನಿಂದ ಬರಬೇಕಿಲ್ಲ. ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ರೂಪಿಸಿದ ಗೊಬ್ಬರದ ಪದ್ಧತಿ ಪ್ರಪಂಚಕ್ಕೆಲ್ಲ ಗೊತ್ತು. ಆದರೆ ಅದಕ್ಕೆ ಮೇಲಿಂದ ಮೇಲೆ ತಿರುವಿ ಹಾಕಬೇಕು, ನೀರು ಹಾಕುತ್ತಿರಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಕಡೆ ಇದು ಆಗುವ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ‘ಬೆಂಗಳೂರು ಪದ್ಧತಿ’ ನಮ್ಮಂಥ ಮಳೆ ಕಡಿಮೆಯ ಸೀಮೆಗೆ ಹೇಳಿ ಮಾಡಿಸಿದ್ದು. ಅವರು ಅದನ್ನು ಮಾಡಿದ್ದು ಪಟ್ಟಣದ ಕಸ ಮತ್ತು ಮಲಕ್ಕೆ. ನಾವು ಎಲೆ ಮತ್ತು ಹೆಂಡಿಗೆ ಒಗ್ಗಿಸಿಕೊಳ್ಳಬಹುದು. ಮನೆಯ ಬುನಾದಿಯಿಂದ, ಬೋರ್‌ವೆಲ್‌ನಿಂದ ದೂರ ಮೂರು ಅಡಿ ಆಳದ ಗುಂಡಿ. ಅದಕ್ಕೆ ಅರ್ಧ ಅಡಿ ಎಲೆ, ಮೇಲೆ ನೀರಲ್ಲಿ ಕದಡಿದ ಹೆಂಡಿ, ಒಂದು ಬುಟ್ಟಿ ಹಳೆಯ ತಿಪ್ಪಿಯ ಮಣ್ಣು, ಮತ್ತೆ ಎಲೆ. ಎಲೆಯನ್ನು ಹಿಡಿಯಲ್ಲಿ ಹಿಂಡಿದರೆ ಪಸೆ ಅಂಟಬೇಕು, ನೀರು ಇಳಿಯಬಾರದು. ನೆಲದ ಮಟ್ಟ ದಾಟಿ ತುಂಬಿದ ಮೇಲೆ ಹೆಂಡಿ, ಮಣ್ಣು ಕಲಸಿ ಮೇಲೆ ಸಾರಿಸಿಬಿಟ್ಟರೆ ಮುಗಿಯಿತು. ಹಸಿ ಆರುವುದಿಲ್ಲ, ನೊಣ ಬರುವುದಿಲ್ಲ, ತಿರುವುವ ಕೆಲಸವಿಲ್ಲ. ಕುಸಿದಾಗ ಮೇಲೆ ಇನ್ನಷ್ಟು ತುಂಬಿ ಮತ್ತೆ ಸಾರಿಸುವುದು, ಅಷ್ಟೇ.

ನಿಧಾನ ಎಂಬುದೊಂದೇ ಇದರ ದೋಷ. ಆರರಿಂದ ಎಂಟು ತಿಂಗಳು ಬೇಕು. ನಮ್ಮ ಪಂಚಾಂಗಕ್ಕೆ ಆ ದೋಷವೇ ಅನುಕೂಲ. ಶಿವರಾತ್ರಿಯ ಹೊತ್ತಿಗೆ ಮುಚ್ಚಿದ ಗುಂಡಿ ತೆರೆಯುವ ವೇಳೆಗೆ ಹಿಂಗಾರಿ ಜೋಳ, ಕಡಲೆಗೆ ಹೊಲ ಹದ ಮಾಡುವ ಕಾಲ ಬಂದಿರುತ್ತದೆ.

ನಿಜವಾದ ತೊಡಕು ಎಲೆಯದಲ್ಲ, ಎಲೆಯೊಳಗೆ ಸೇರಿದ್ದರದು. ಯಾವುದಾದರೂ ಗುಂಪಿಯನ್ನು ಕೋಲಿನಿಂದ ಕೆದರಿ ನೋಡಿ: ಗುಟಕಾ ಚೀಟಿ, ಹಾಲಿನ ಪಾಕೀಟು, ಶಾಂಪೂ ಸ್ಯಾಷೆ, ಮಕ್ಕಳು ತಿಂದೆಸೆದ ಕುರ್‌ಕುರೆ ಚೀಲ. ಇವು ಸೇರಿದ ಎಲೆಯನ್ನು ಹೊಲಕ್ಕೆ ಹಾಕಲು ಯಾರಿಗೂ ಮನಸ್ಸಾಗದು. ಸುಡುವುದಕ್ಕೆ ಅರ್ಧ ಕಾರಣ ಇದೇ. ಸುಟ್ಟಾಗ ಇವು ಬಿಡುವ ವಿಷ ಬೇವಿನ ಹೊಗೆಯಂಥದ್ದಲ್ಲ. ಆದ್ದರಿಂದ ಗುಂಡಿ ತೋಡುವುದಕ್ಕೂ ಮೊದಲು ಮನೆಯ ಕಟ್ಟೆಯ ಮೇಲೆ ಪ್ಲಾಸ್ಟಿಕ್ಕಿಗೇ ಒಂದು ಬೇರೆ ಚೀಲ ತೂಗುಹಾಕಿ, ಉಗುಳಿ ಎಸೆಯುವ ಗಂಡಸರಿಗೂ ಅದನ್ನು ತೋರಿಸಿ. ಅಂಗಳ ಉಡುಗುವ ಕೆಲಸ ಹೆಂಗಸರದೆಂದೇ ಬಿಟ್ಟವರು ಇಷ್ಟಾದರೂ ಮಾಡಬೇಕು.

ಗುಂಡಿಗೆ ಜಾಗವಿಲ್ಲದವರು ಎಲೆಯನ್ನು ಗೊಬ್ಬರದ ಖಾಲಿ ಚೀಲಕ್ಕೆ ತುಂಬಿ, ಓಣಿಯಲ್ಲಿ ಎಮ್ಮೆ ಕಟ್ಟಿರುವವರ ಮನೆಗೆ ಕೊಟ್ಟುಬಿಡಿ. ಗೊಬ್ಬರ ಬೇಡ ಎನ್ನುವ ರೈತ ಅಫಜಲಪುರ ತಾಲ್ಲೂಕಿನಲ್ಲಿ ಸಿಗಲಿಕ್ಕಿಲ್ಲ.